ಡಿಗ್ರಿಗೆ ತತ್ವಶಾಸ್ತ್ರ: ಅಂಕ ಯಾವುದಕ್ಕೆ, ಶ್ರಮ ಎಲ್ಲಿ?

ಓದುಗರ ಪತ್ರದ ಸಾರ: 'ಡಿಗ್ರಿಗೆ ತತ್ವಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಳ್ಳಬೇಕೆಂದಿದ್ದೇನೆ. ಬದುಕಿನ ಅರ್ಥದ ಬಗ್ಗೆ ಯೋಚಿಸುವುದು ನನಗಿಷ್ಟ. ಆದರೆ ತರಗತಿಯಲ್ಲಿ ನಿಜಕ್ಕೂ ಏನು ಮಾಡಿಸುತ್ತಾರೆ? ಸರಿ ಉತ್ತರವೇ ಇಲ್ಲದ ಪ್ರಶ್ನೆಗಳಿಗೆ ಅಂಕ ಕೊಡುವುದು ಹೇಗೆ? ಮುಂದೆ ಕೆಲಸ ಸಿಗುತ್ತದೆಯೇ?'

ಸಂಪಾದಕರ ಉತ್ತರ:

ಅಂಕದ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದೆರಡರ ಉತ್ತರವೂ ಅದಕ್ಕೇ ಅಂಟಿಕೊಂಡಿದೆ. ತತ್ವಶಾಸ್ತ್ರದಲ್ಲಿ ಅಂಕ ಸಿಗುವುದು ಅಭಿಪ್ರಾಯಕ್ಕಲ್ಲ. ದೇವರಿದ್ದಾನೆ ಎಂದು ಬರೆದವರಿಗೂ ಇಲ್ಲ ಎಂದು ಬರೆದವರಿಗೂ ಒಂದೇ ಅಂಕ ಬರಬಹುದು. ಎದುರಾಳಿಯ ವಾದವನ್ನು ಅವನೇ ತಲೆದೂಗುವಂತೆ ಹೇಳಿದ್ದೀರಾ, ಅದು ಎಲ್ಲಿ ಜಾರುತ್ತದೆಂದು ಬೆರಳಿಟ್ಟು ತೋರಿಸಿದ್ದೀರಾ, ನಿಮ್ಮ ಆಕ್ಷೇಪಕ್ಕೆ ಅವನು ಕೊಡಬಹುದಾದ ಉತ್ತರವನ್ನೂ ಎದುರಿಸಿದ್ದೀರಾ ಎಂದು ನೋಡುತ್ತಾರೆ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಮೊದಲು; ಸಿದ್ಧಾಂತ, ಅಂದರೆ ತನ್ನ ನಿರ್ಣಯ, ಆಮೇಲೆ. ಪೂರ್ವಪಕ್ಷವನ್ನು ಪೇಲವವಾಗಿ ಕಟ್ಟಿದವನ ಸಿದ್ಧಾಂತಕ್ಕೂ ಬಲವಿರುವುದಿಲ್ಲ. ಡಿಗ್ರಿಯುದ್ದಕ್ಕೂ ಮಾಡಿಸುವುದು ಈ ಒಂದೇ ಕೆಲಸವನ್ನು, ಬೇರೆ ಬೇರೆ ಪಠ್ಯಗಳ ಮೇಲೆ.

ಒಂದು ವಾದವನ್ನು ಬಿಚ್ಚಿ ನೋಡಿ. ಫ್ರೆಂಚ್ ತತ್ವಜ್ಞಾನಿ ಡೇಕಾರ್ಟ್ 1637ರಲ್ಲಿ ಹೇಳಿದ್ದರ ತಿರುಳು ಹೀಗಿದೆ. ಒಂದು: ನನಗೆ ದೇಹವಿದೆಯೇ ಎಂದು ನಾನು ಸಂಶಯಪಡಬಲ್ಲೆ. ಎರಡು: ನಾನೇ ಇದ್ದೇನೆಯೇ ಎಂದು ಸಂಶಯಪಡಲಾರೆ. ಆದ್ದರಿಂದ ನಾನು ಬೇರೆ, ನನ್ನ ದೇಹ ಬೇರೆ. ಹೊಸ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲನೇ ವಾಕ್ಯದ ಮೇಲೇ ಬೀಳುತ್ತಾರೆ: 'ದೇಹ ಕಣ್ಣೆದುರೇ ಇದೆಯಲ್ಲ, ಸಂಶಯ ಎಲ್ಲಿಂದ ಬಂತು?' ಅದು ತಪ್ಪು ಜಾಗ. ಕನಸಿನಲ್ಲೂ ದೇಹ ಕಣ್ಣೆದುರೇ ಇರುತ್ತದೆ ಎಂದು ಡೇಕಾರ್ಟ್ ಒಂದೇ ಮಾತಿನಲ್ಲಿ ನಿಮ್ಮನ್ನು ಕೂರಿಸಿಬಿಡುತ್ತಾನೆ. ಪೆಟ್ಟು ಬೀಳಬೇಕಾದದ್ದು ಬರೆಯದೇ ಬಿಟ್ಟ ಮೂರನೇ ವಾಕ್ಯಕ್ಕೆ: ಒಂದನ್ನು ಸಂಶಯಿಸಬಹುದು, ಇನ್ನೊಂದನ್ನು ಸಂಶಯಿಸಲಾಗದು ಎಂದಾದರೆ ಅವೆರಡೂ ಬೇರೆ ಬೇರೆ ವಸ್ತುಗಳು. ಇದು ನಿಲ್ಲುವುದಿಲ್ಲ. 'ನನ್ನ ಅಣ್ಣ ಯಾರೆಂದು ನನಗೆ ಗೊತ್ತು. ಈ ಮುಸುಕುಧಾರಿ ಯಾರೆಂದು ಗೊತ್ತಿಲ್ಲ. ಆದ್ದರಿಂದ ಇವನು ನನ್ನ ಅಣ್ಣನಲ್ಲ' ಎಂಬುದೂ ಇದೇ ಅಚ್ಚಿನ ವಾದ. ಮುಸುಕು ತೆಗೆದರೆ ಅಣ್ಣನೇ ಇರಬಹುದು.

ಇನ್ನೂ ಹದವಾದ ಆಕ್ಷೇಪ ಡೇಕಾರ್ಟನ ಕಾಲದವನೇ ಆದ ಫ್ರೆಂಚ್ ಚಿಂತಕ ಆರ್ನೋ ಎತ್ತಿದ್ದು. ಡೇಕಾರ್ಟ್‌ನ 'ಮೆಡಿಟೇಷನ್ಸ್' (ಧ್ಯಾನಗಳು) ಎಂಬ ಪುಸ್ತಕ 1641ರಲ್ಲಿ ಅಚ್ಚಾದಾಗಲೇ ಜೊತೆಯಲ್ಲಿ ಆರು ಕಂತು ಆಕ್ಷೇಪಗಳು, ಅವಕ್ಕೆ ಅವನ ಉತ್ತರಗಳು ಇದ್ದವು. ನಾಲ್ಕನೇ ಕಂತು ಆರ್ನೋನದು. ಒಂದು ತ್ರಿಕೋನ ಲಂಬಕೋನದ್ದು ಎಂದು ಖಚಿತವಾಗಿ ತಿಳಿದವನೂ ಅದರ ಕರ್ಣದ ವರ್ಗ ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ ಎಂಬುದನ್ನು ಸಂಶಯಿಸಬಹುದು. ಹಾಗೆಂದು ಆ ಗುಣ ತ್ರಿಕೋನವನ್ನು ಬಿಟ್ಟು ಹೋಗುವುದಿಲ್ಲವಲ್ಲ? ಡೇಕಾರ್ಟ್ ಸುಮ್ಮನಾಗಲಿಲ್ಲ: ಮನಸ್ಸು, ದೇಹ ಎರಡೂ ತಾನೇ ತಾನಾಗಿ ಇರಬಲ್ಲ ಪೂರ್ಣ ವಸ್ತುಗಳು, ತ್ರಿಕೋನದ ಆ ಗುಣ ಹಾಗಲ್ಲ ಎಂದ. ಈ ಉತ್ತರ ಸಾಕೇ? ಒಳ್ಳೆಯ ಪ್ರಬಂಧ ಶುರುವಾಗುವುದೇ ಇಲ್ಲಿಂದ. ಸಾಧಾರಣ ಪ್ರಬಂಧ ಆರ್ನೋನ ಆಕ್ಷೇಪ ಬರೆದು ಗೆದ್ದೆನೆಂದು ಮುಗಿಸಿಬಿಡುತ್ತದೆ.

ಓದಿನ ವೇಗದ ಬಗ್ಗೆ ಮೊದಲೇ ಹೇಳಿಬಿಡುತ್ತೇವೆ: ಗಂಟೆಗೆ ಎಂಟು ಹತ್ತು ಪುಟ ಸಾಗಿದರೆ ಚೆನ್ನಾಗಿಯೇ ಓದುತ್ತಿದ್ದೀರಿ ಎಂದರ್ಥ. ಮೊದಲ ಸಲ ತೀರ್ಮಾನ ಎಲ್ಲಿದೆ ಎಂದಷ್ಟೇ ಹುಡುಕಿ. ಎರಡನೇ ಸಲ ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಮಾಡುತ್ತಿರುವ ಕೆಲಸವನ್ನು ಗುರುತು ಹಾಕಿ: ಆಧಾರ, ಉದಾಹರಣೆ, ಎದುರಾಳಿಯ ಮಾತು, ಅದಕ್ಕೆ ಉತ್ತರ. ಅತಿ ಹೆಚ್ಚು ಎಡವುವುದು ಇಲ್ಲೇ. ಲೇಖಕ ಖಂಡಿಸಲೆಂದು ಎತ್ತಿಕೊಂಡ ಎದುರಾಳಿಯ ಮಾತನ್ನು ಲೇಖಕನದೇ ಎಂದು ಬರೆದರೆ ಇಡೀ ಉತ್ತರ ತಲೆಕೆಳಗಾಗುತ್ತದೆ. ಮೂರನೇ ಸಲ ಪುಸ್ತಕ ಮುಚ್ಚಿ, ವಾದವನ್ನು ಐದಾರು ವಾಕ್ಯಗಳಲ್ಲಿ ಬರೆಯಿರಿ. ಬರೆಯಲಾಗದ ಜಾಗವೇ ಅರ್ಥವಾಗದ ಜಾಗ. ಸಾರಾಂಶ, ಗೈಡುಗಳನ್ನು ಆಮೇಲೆ ನೋಡಿ. ಅವುಗಳಲ್ಲಿ ತೀರ್ಮಾನ ಉಳಿದಿರುತ್ತದೆ, ವಾದ ಸೋರಿಹೋಗಿರುತ್ತದೆ.

ಪುಟ ಕಡಿಮೆ ಎಂದರೆ ಕೆಲಸ ಕಡಿಮೆ ಎಂದಲ್ಲ. 'ಸಮರ್ಥನೆಯುಳ್ಳ ಸತ್ಯವಾದ ನಂಬಿಕೆಯೇ ಜ್ಞಾನ' ಎಂಬ ವ್ಯಾಖ್ಯೆಯನ್ನು ಅಮೆರಿಕದ ತತ್ವಜ್ಞಾನಿ ಗೆಟಿಯರ್ 1963ರಲ್ಲಿ ಮೂರೇ ಪುಟಗಳಲ್ಲಿ, ಎದುರು ಉದಾಹರಣೆಗಳಿಂದ ಅಲುಗಾಡಿಸಿದ. ಆ ಮೂರು ಪುಟದ ಮೇಲೆ ವಾರಗಟ್ಟಲೆ ಪಾಠ ನಡೆಯುತ್ತದೆ. 12ನೇ ಶತಮಾನದ ಭಾರತೀಯ ದಾರ್ಶನಿಕ ಶ್ರೀಹರ್ಷನಲ್ಲೂ ಇದೇ ಜಾತಿಯ ಉದಾಹರಣೆಗಳಿವೆ: ಮಂಜನ್ನು ಹೊಗೆಯೆಂದು ತಿಳಿದು ಬೆಂಕಿಯಿದೆ ಎಂದು ಊಹಿಸಿದವನ ಪಾಲಿಗೆ ಅಲ್ಲಿ ನಿಜಕ್ಕೂ ಬೆಂಕಿ ಇದ್ದುಬಿಟ್ಟರೆ? ನಂಬಿದ್ದು ನಿಜವೇ, ಆದರೆ ಅದನ್ನು ತಿಳಿವಳಿಕೆ ಎನ್ನಲು ಬಾಯಿ ಬರುವುದಿಲ್ಲ.

ಇನ್ನು ತರ್ಕಶಾಸ್ತ್ರ. 'ಯೋಚಿಸುವುದು ಇಷ್ಟ' ಎಂದು ಬಂದವರಿಗೆ ಚಿಹ್ನೆಗಳ ತರ್ಕ ಗಣಿತದಂತೆ ಎದುರಾಗಿ ದಿಗಿಲು ಹುಟ್ಟಿಸುತ್ತದೆ. ವಾಕ್ಯಗಳು ನಿಜ ಅಥವಾ ಸುಳ್ಳಾಗುವ ಎಲ್ಲ ಸಾಧ್ಯತೆಗಳನ್ನೂ ಪಟ್ಟಿ ಮಾಡುವ ಸತ್ಯಕೋಷ್ಟಕದಲ್ಲಿ ಮೂರು ಮೂಲವಾಕ್ಯಗಳಿದ್ದರೆ 8 ಸಾಲು, ಐದಿದ್ದರೆ 32. ಅದು ಬರೀ ತಾಳ್ಮೆಯ ಕೆಲಸ. ನಿಜವಾದ ತೊಡಕು 'ಎಲ್ಲರೂ', 'ಯಾರೋ ಒಬ್ಬರು' ಬಂದಾಗ. 'ಪ್ರತಿಯೊಂದಕ್ಕೂ ಒಂದು ಕಾರಣವಿದೆ' ಎಂಬುದರಿಂದ 'ಎಲ್ಲಕ್ಕೂ ಕಾರಣವಾದ ಒಂದು ಇದೆ' ಎಂದು ಹೊರಡಿಸಲಾಗದು. ಪ್ರತಿಯೊಬ್ಬರಿಗೂ ತಾಯಿ ಇದ್ದಾಳೆ, ಆದರೆ ಎಲ್ಲರಿಗೂ ಒಬ್ಬಳೇ ತಾಯಿಯಲ್ಲ. ಇದೊಂದು ಕಲಿತರೆ ಎಷ್ಟೋ ಭಾರಿ ವಾದಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಈ ಪಾಠದಲ್ಲಿ ಪ್ರತಿ ವಾರದ್ದೂ ಹಿಂದಿನ ವಾರದ ಮೇಲೆ ಕೂತಿರುತ್ತದೆ; ಮೂರನೇ ವಾರ ತಪ್ಪಿಸಿದವರಿಗೆ ಏಳನೇ ವಾರ ಏನೂ ಕಾಣುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಓದಿ ಗೆಲ್ಲುವುದು ಆಗದ ಮಾತು, ದಿನಕ್ಕೆ ನಾಲ್ಕು ಲೆಕ್ಕ ಬಿಡಿಸಿ.

ಪ್ರಬಂಧ 1,500 ಪದಗಳದ್ದು ಎಂದುಕೊಳ್ಳಿ. ನೀವು ಏನನ್ನು ಸಾಧಿಸಹೊರಟಿದ್ದೀರಿ ಎಂದು ಮೊದಲ ನೂರು ಪದಗಳಲ್ಲೇ ಹೇಳಿಬಿಡಿ. 'ಅನಾದಿಕಾಲದಿಂದಲೂ ಮಾನವನು' ಎಂದು ಶುರುವಾದ ಪ್ರಬಂಧವನ್ನು ಓದುವವರ ಉತ್ಸಾಹ ಅಲ್ಲಿಗೇ ಇಳಿಯುತ್ತದೆ. ಸುಮಾರು 400 ಪದ ವಾದದ ನಿರೂಪಣೆಗೆ, 350 ಆಕ್ಷೇಪಕ್ಕೆ, ಅಷ್ಟೇ ಎದುರಾಳಿಯ ಉತ್ತರಕ್ಕೆ, ಉಳಿದದ್ದು ನಿಮ್ಮ ನಿರ್ಣಯಕ್ಕೆ. ಆಕ್ಷೇಪ ಒಂದೇ ಇರಲಿ. ಐದು ಆಕ್ಷೇಪಗಳನ್ನು ಎರಡೆರಡು ಸಾಲಿನಲ್ಲಿ ಎಸೆದರೆ ಯಾವುದೂ ನಾಟುವುದಿಲ್ಲ. 'ಇಬ್ಬರ ಮಾತಿನಲ್ಲೂ ಸತ್ಯವಿದೆ' ಎಂದು ಮುಗಿಸುವ ಚಟ ಬಿಡಿ. ಯಾವ ಮಾತಿನಲ್ಲಿ, ಎಷ್ಟು ಎಂದು ಹೇಳಲಾಗದಿದ್ದರೆ ಅದು ನಿರ್ಣಯವೇ ಅಲ್ಲ. ಉಲ್ಲೇಖಿಸುವಾಗ ಪ್ಲೇಟೋನಿಗೆ 1578ರ ಸ್ಟೆಫಾನಸ್ ಮುದ್ರಣದ ಪುಟಸಂಖ್ಯೆ, ಅರಿಸ್ಟಾಟಲ್‌ಗೆ ಬೆಕ್ಕರ್ ಸಂಪಾದಿಸಿದ ಮುದ್ರಣದ ಸಂಖ್ಯೆ ಕೊಡುವುದು ರೂಢಿ. ಹೆಚ್ಚಿನ ಅನುವಾದಗಳ ಅಂಚಿನಲ್ಲಿ ಅವು ಇರುವುದರಿಂದ ಯಾರ ಕೈಯಲ್ಲಿ ಯಾವ ಪ್ರತಿ ಇದ್ದರೂ ಜಾಗ ಸಿಗುತ್ತದೆ.

ಬದುಕಿನ ಅರ್ಥ? ಅದೂ ಬರುತ್ತದೆ, ಆದರೆ ಪಠ್ಯದ ಒಂದು ಮೂಲೆಯಲ್ಲಿ. ಅದಕ್ಕಾಗಿಯೇ ಸೇರುವವರು ಮೊದಲ ವರ್ಷದಲ್ಲೇ ನಿರಾಶರಾಗುವುದುಂಟು.

ಕೆಲಸದ ಬಗ್ಗೆ ಬಣ್ಣ ಹಚ್ಚಿ ಹೇಳುವುದಿಲ್ಲ. ಈ ಡಿಗ್ರಿಯನ್ನೇ ಕೇಳುವ ಹುದ್ದೆ ಬೋಧನೆ ಬಿಟ್ಟರೆ ಇಲ್ಲವೆಂದೇ ಹೇಳಬೇಕು. ಬೋಧನೆಗೂ ಮುಂದೆ ವರ್ಷಗಟ್ಟಲೆ ಓದಬೇಕು, ಹುದ್ದೆಗಳು ಕಡಿಮೆ. ಕಾನೂನು, ಪತ್ರಿಕೋದ್ಯಮ, ಆಡಳಿತ, ಸಾಫ್ಟ್‌ವೇರ್‌ಗಳಲ್ಲಿ ವಾದ ಬಿಡಿಸುವ ಕೈಚಳಕ ಉಪಯೋಗಕ್ಕೆ ಬರುತ್ತದೆ, ಆದರೆ ಬಾಗಿಲು ತೆರೆಯಲು ಇನ್ನೊಂದು ಅರ್ಹತೆಯೂ ಬೇಕು. ಹಾಗಾಗಿ ಅವಕಾಶವಿದ್ದರೆ ಗಣಿತ, ಕಂಪ್ಯೂಟರ್, ಅರ್ಥಶಾಸ್ತ್ರ ಇಲ್ಲವೇ ಒಂದು ಭಾಷೆಯನ್ನು ಜೊತೆ ವಿಷಯವಾಗಿ ತೆಗೆದುಕೊಳ್ಳಿ.

ಸೇರುವ ಮುನ್ನ ಒಂದು ತಿಂಗಳು ಪರೀಕ್ಷಿಸಿಕೊಳ್ಳಿ. ಪ್ಲೇಟೋನ 'ಯೂಥಿಫ್ರೋ' ಸಂವಾದ ಚಿಕ್ಕದು, ಅದರಿಂದ ಶುರುಮಾಡಿ. ಆಮೇಲೆ ಡೇಕಾರ್ಟ್‌ನ ಮೊದಲೆರಡು ಧ್ಯಾನಗಳು. ಓದಲು ಕಠಿಣನಾದ ಜರ್ಮನ್ ತತ್ವಜ್ಞಾನಿ ಕಾಂಟ್‌ನನ್ನು ಈಗಲೇ ಮುಟ್ಟಬೇಡಿ. ಆಮೇಲೆ ನೀವು ಸೇರಬೇಕೆಂದಿರುವ ಕಡೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಿಸಿ ನೋಡಿ. ಉದ್ದಕ್ಕೂ 'ವಿವರಿಸಿ', 'ಟಿಪ್ಪಣಿ ಬರೆಯಿರಿ' ಎಂದೇ ಇದ್ದರೆ ಅಲ್ಲಿ ಬಾಯಿಪಾಠ ಸಾಕು. 'ಈ ವಾದ ನಿಲ್ಲುತ್ತದೆಯೇ? ಪರೀಕ್ಷಿಸಿ' ಎಂಬ ಪ್ರಶ್ನೆಗಳು ಕಂಡರೆ, ತರ್ಕಶಾಸ್ತ್ರ ಕಡ್ಡಾಯವೇ, ಬರೆದ ಪ್ರಬಂಧಗಳು ಟಿಪ್ಪಣಿಯೊಂದಿಗೆ ಮರಳಿ ಕೈಗೆ ಬರುತ್ತವೆಯೇ ಎಂದು ಕೇಳಿಕೊಂಡು ಅರ್ಜಿ ಹಾಕಿ.