ನ್ಯೂಟ್ರಲ್‌ನಿಂದ ಅರ್ಥ್ ಎಳೆಸಬೇಡಿ

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದು ಅಜ್ಜನ ಕಾಲದ ಮಾಳಿಗೆ ಮನೆ. ಮಣ್ಣಿನ ಗೋಡೆ, ಕಟ್ಟಿಗೆ ಪಟ್ಟಿಯ ಮೇಲೆ ವೈರಿಂಗ್. ಮೂರು ಪಿನ್ನಿನ ಸಾಕೆಟ್‌ಗಳಿವೆ, ಆದರೆ ಅರ್ಥಿಂಗ್ ಇಲ್ಲ. ಬರಿಗಾಲಲ್ಲಿ ಫ್ರಿಜ್ ಮುಟ್ಟಿದರೆ ಜುಮ್ ಅನ್ನುತ್ತದೆ. ಅವ್ವ ಅದರ ಮುಂದೆ ಒಂದು ಮಣೆ ಹಾಕಿಕೊಂಡಿದ್ದಾಳೆ. ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಹಾಕಿದರೆ ಸಾಕು ಅಂತ ಒಬ್ಬ ವೈರ್‌ಮನ್ ಹೇಳಿದರು. ಇನ್ನೊಬ್ಬರು ಗೋಡೆ ಒಡೆದು ಪೂರ್ತಿ ಹೊಸದಾಗಿ ಮಾಡಿಸಿ ಅಂತಾರೆ. ಏನು ಮಾಡಲಿ?

ಉತ್ತರ: ಆ ತುಂಡು ವೈರ್ ಮಾತ್ರ ಹಾಕಿಸಬೇಡಿ. ಈಗಾಗಲೇ ಹಾಕಿಸಿದ್ದರೆ ಇವತ್ತೇ ತೆಗೆಸಿ.

ಅದನ್ನು ಹಾಕಿದ ಕೂಡಲೇ ಜುಮ್ ಅನ್ನೋದು ನಿಂತುಬಿಡುತ್ತದೆ. ಅದಕ್ಕೇ ಜನ ನಂಬುತ್ತಾರೆ. ಆದರೆ ನ್ಯೂಟ್ರಲ್ ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಆ ದಾರಿ ಎಲ್ಲಾದರೂ ಕಡಿದರೆ, ಫ್ರಿಜ್ ಒಳಗಿನಿಂದ ಬಂದ 230 ವೋಲ್ಟ್ ಆ ತುಂಡು ವೈರ್ ಹಿಡಿದು ಸೀದಾ ಫ್ರಿಜ್‌ನ ಮೈಗೆ ಬರುತ್ತದೆ. ಹಳೇ ಮನೆಗಳಲ್ಲಿ ನ್ಯೂಟ್ರಲ್‌ಗೂ ಒಂದು ಪಿಂಗಾಣಿ ಫ್ಯೂಸ್ ಇರುವುದುಂಟು. ಅದೊಂದು ಹೋದರೂ ಸಾಕು. ಲೈಟ್ ಆರುತ್ತದೆ, ಕರೆಂಟ್ ಹೋಯ್ತು ಅಂದುಕೊಂಡು ನೀವು ಧೈರ್ಯವಾಗಿ ಫ್ರಿಜ್ ಮುಟ್ಟುತ್ತೀರಿ.

ಹುಬ್ಬಳ್ಳಿಯ ಒಂದು ಮನೆಯಲ್ಲಿ ನಾನೇ ಇದನ್ನು ನೋಡಿದ್ದೇನೆ. ಸಾಕೆಟ್ ಬಿಚ್ಚಿದರೆ ಒಳಗೆ ಎರಡು ಇಂಚಿನ ಕೆಂಪು ವೈರ್. ಪಕ್ಕದಲ್ಲೇ ನ್ಯೂಟ್ರಲ್ ಸ್ಕ್ರೂ ಕರಕಲಾಗಿ, ವೈರ್ ಕಳಚಿ ಹೊರಗೆ ಬಂದಿತ್ತು. ಬಿಚ್ಚುವ ಮೊದಲು ಫ್ರಿಜ್‌ನ ಮೈಗೆ ಟೆಸ್ಟರ್ ಹಚ್ಚಿದಾಗ ಝಗ್ ಅಂತ ಹೊತ್ತಿತ್ತು. ಆ ಮನೆಯಲ್ಲಿ ಅಂಬೆಗಾಲಿಡುವ ಕೂಸೊಂದಿತ್ತು. ಇವತ್ತಿಗೂ ಮರೆತಿಲ್ಲ.

ನಿಮ್ಮ ಫ್ರಿಜ್‌ನಿಂದ ಈಗ ಸೋರುತ್ತಿರುವುದು ಬಹುಶಃ ಸಣ್ಣ ಕರೆಂಟ್. ನೆಲಕ್ಕೆ ಇಳಿಯಲು ಅದಕ್ಕೆ ಬೇರೆ ದಾರಿ ಇಲ್ಲ, ಹಾಗಾಗಿ ನಿಮ್ಮ ಮೈಯೇ ದಾರಿ ಆಗುತ್ತಿದೆ. ಕಂಪ್ರೆಸರ್ ಒಳಗಿನ ತಂತಿ ಸುರುಳಿ (ವೈಂಡಿಂಗ್) ಕೆಟ್ಟ ದಿನ ಅದು ಸಣ್ಣದಾಗಿರುವುದಿಲ್ಲ.

ಈ ವಾರವೇ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಹೋದ ಕರೆಂಟ್ ಅಷ್ಟೂ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. ನಡುವೆ ಯಾರದೋ ಮೈಮೇಲಿಂದ ನೆಲಕ್ಕೆ ಇಳಿದರೆ ಕೂಡಲೇ ಕಡಿದುಬಿಡುತ್ತದೆ. ಅರ್ಥ್ ಇಲ್ಲದಿದ್ದರೂ ಇದು ಕೆಲಸ ಮಾಡುತ್ತದೆ. ಆದರೆ ಒಂದು ಸಲ ಝಟಕಾ ತಿಂದಮೇಲೇ ಕಡಿಯುತ್ತದೆ. ಅರ್ಥ್ ಇದ್ದರೆ ಯಾರೂ ಮುಟ್ಟುವ ಮೊದಲೇ ಕಡಿಯುತ್ತದೆ. ಓವರ್‌ಲೋಡ್‌ಗೆ ಇದು ಆಗುವುದಿಲ್ಲ, ಜೊತೆಗೆ ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ ಬೇಕು. ಹಳೇ ವೈರಿಂಗ್‌ನಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ, ಅಂದರೆ ತಾನೇ ಆಫ್ ಆಗುತ್ತದೆ, ಆಗ ತೆಗೆದುಹಾಕಿಬಿಡೋಣ ಅಂತಾರೆ. ತೆಗೆಯಬೇಡಿ. ಎಲ್ಲೋ ಸೋರುತ್ತಿದೆ ಅಂತಲೇ ಅದು ಹೇಳುತ್ತಿದೆ.

ಆಮೇಲೆ ಅರ್ಥ್ ಗುಂಡಿ. ಗೋಡೆಯಿಂದ ಐದಡಿ ದೂರ, ಸುಮಾರು ಎಂಟಡಿ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಸುತ್ತ ಇದ್ದಿಲು ಮತ್ತು ಉಪ್ಪು. ಎರೆಮಣ್ಣಿದ್ದರೆ ನಿಮ್ಮ ಅದೃಷ್ಟ. ಹಸಿ ಇದ್ದಾಗ ಅದರಷ್ಟು ಚೆನ್ನಾಗಿ ಕರೆಂಟ್ ಇಳಿಸಿಕೊಳ್ಳುವ ಮಣ್ಣು ಕಡಿಮೆ. ಆದರೆ ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದನ್ನು ನೋಡಿದ್ದೀರಲ್ವಾ, ಗುಂಡಿಯ ಸುತ್ತಲೂ ಹಾಗೇ ಬಿಡುತ್ತದೆ, ಮಣ್ಣು ಪೈಪಿನಿಂದ ದೂರ ಸರಿಯುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಒಂದೆರಡು ಕೊಡ ನೀರು ಹಾಕಿ. ಇನ್ನು, ನಳಕ್ಕೆ ಅರ್ಥ್ ಕಟ್ಟೋಣ ಅಂದರೆ ಒಪ್ಪಬೇಡಿ. ನಡುವೆ ಪ್ಲಾಸ್ಟಿಕ್ ಪೈಪ್ ಇದ್ದರೆ ಅದು ಅರ್ಥೇ ಅಲ್ಲ, ನೀರು ಹಿಡಿಯುವವರಿಗೆ ಶಾಕ್ ಅಷ್ಟೇ.

ಗುಂಡಿ ಇದೆಯಲ್ಲ, ಇನ್ನು ಆರ್‌ಸಿಸಿಬಿ ಯಾಕೆ ಅನ್ನುವವರಿದ್ದಾರೆ. ಲೆಕ್ಕ ನೋಡಿ. ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದ್ದರೆ, 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್‌ನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ. ಫ್ರಿಜ್‌ನ ಮೈಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಎರಡೂ ಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಆದರೆ ಅದು ಬಿದ್ದರೆ ಅರ್ಥ್ ಸರಿ ಇದೆ ಅಂತ ಅರ್ಥವಲ್ಲ, ಆ ಬಟನ್‌ಗೂ ಗುಂಡಿಗೂ ಸಂಬಂಧವಿಲ್ಲ. ಗುಂಡಿಯನ್ನು ಅರ್ಥ್ ಟೆಸ್ಟರ್‌ನಿಂದಲೇ ಅಳೆಸಿ. 5 ಓಮ್ ಒಳಗೆ ಬಂದರೆ ಒಳ್ಳೇದು.

ಗೋಡೆ ಒಡೆಯುವುದು ಬೇಡ. ಮಣ್ಣಿನ ಗೋಡೆಯಲ್ಲಿ ವೈರ್ ಕೂರಿಸಲು ಗಾಡಿ ಕೊರೆದರೆ ಹೆಂಟೆ ಹೆಂಟೆಯಾಗಿ ಉದುರುತ್ತದೆ. ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯಲ್ಲಿ ಮೇಲಿನಿಂದಲೇ ಹೊಸ ಲೈನ್ ಎಳೆಸಿ. ದುಡ್ಡು ಒಮ್ಮೆಲೇ ಹೊಂದದಿದ್ದರೆ ಮೊದಲು ಫ್ರಿಜ್, ಬಚ್ಚಲಿನ ಗೀಸರ್, ನೀರಿನ ಮೋಟಾರು, ಈ ಮೂರಕ್ಕೆ ಹಸಿರು (ಅರ್ಥ್) ವೈರ್ ಸಮೇತ ಬೇರೆ ಲೈನ್ ಸಾಕು. ಜಂತಿ ಮೇಲಿನ ಹಳೇ ವೈರ್ ರಬ್ಬರಿನದಾಗಿದ್ದರೆ ಮಾತ್ರ ಕಾಯಬೇಡಿ. ಅದು ಒಣಗಿ, ಬಗ್ಗಿಸಿದರೆ ಪುಡಿಪುಡಿಯಾಗಿ ಉದುರಿ ಒಳಗಿನ ತಂತಿ ಕಾಣುತ್ತದೆ. ನೀವು ಮುಟ್ಟಿ ನೋಡಬೇಡಿ, ಲೈಸೆನ್ಸ್ ಇರುವವರಿಗೆ ಮೇನ್ ತೆಗೆದು ನೋಡಲು ಹೇಳಿ.

ಅಲ್ಲಿವರೆಗೆ ಅವ್ವನ ಮಣೆ ಅಲ್ಲೇ ಇರಲಿ. ಫ್ರಿಜ್ ಒರೆಸುವಾಗ ಬರೀ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಲು ಅವರಿಗೆ ಹೇಳಿ.