ನಾನು ‘ಹೂಂ’ ಅಂದೆ, ಅವರು ‘ಒಪ್ಪಿದಳು’ ಅಂದುಕೊಂಡರು

ಪ್ರಶ್ನೆ: ನನಗೆ 26 ವರ್ಷ. ಅರಸೀಕೆರೆ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಹಾಸನದಲ್ಲಿ ಇಂಜಿನಿಯರಿಂಗ್. ಮೂರು ವರ್ಷದಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಕ್ಲೈಂಟ್ ನ್ಯೂಜೆರ್ಸಿಯವರು. ಕಳೆದ ತಿಂಗಳು ಕಾಲ್‌ನಲ್ಲಿ ಅವರು ಒಂದು ಕೆಲಸವನ್ನು ಇಪ್ಪತ್ತು ನಿಮಿಷ ವಿವರಿಸಿದರು. ನಾನು ನಡುನಡುವೆ ‘ಎಸ್, ಎಸ್, ಓಕೆ’ ಅನ್ನುತ್ತಿದ್ದೆ. ಕೊನೆಗೆ ‘ಶುಕ್ರವಾರದೊಳಗೆ ಆಗುತ್ತಲ್ಲ?’ ಅಂದಾಗಲೂ ಬಾಯಿಗೆ ಅದೇ ಬಂತು. ಟೆಸ್ಟ್ ಸರ್ವರ್‌ನ ಪರ್ಮಿಷನ್ ನನಗೆ ಸಿಕ್ಕಿದ್ದೇ ಬುಧವಾರ ಸಂಜೆ. ಶುಕ್ರವಾರ ಕೆಲಸ ಮುಗಿಯಲಿಲ್ಲ. ‘ಕಾಲ್‌ನಲ್ಲಿ ಒಪ್ಪಿಕೊಂಡಿದ್ದರು’ ಎಂದು ಅವರು ಮೇಲ್ ಹಾಕಿದರು. ನಮ್ಮ ಮ್ಯಾನೇಜರ್ ಹದಿನಾಲ್ಕು ಜನರನ್ನು ಸೇರಿಸಿ, ನನ್ನ ಹೆಸರು ಹಾಕಿ, ‘ಇಂಥ ಬೇಜವಾಬ್ದಾರಿ ಮತ್ತೆ ಆಗದಂತೆ ನೋಡಿಕೊಳ್ಳುತ್ತೇನೆ’ ಎಂದು ಉತ್ತರಿಸಿದರು. ಅವರೂ ಕನ್ನಡದವರೇ, ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ. ಅಂದಿನಿಂದ ಕಾಲ್‌ನಲ್ಲಿ ಬಾಯಿ ತೆರೆಯಲು ಭಯ. ನಡೆದದ್ದನ್ನೆಲ್ಲ ಬರೆದು ರಿಪ್ಲೈ ಆಲ್ ಮಾಡಲೇ? ಡ್ರಾಫ್ಟ್ ಸಿದ್ಧವಿದೆ. ಅಥವಾ ನನ್ನ ಇಂಗ್ಲಿಷ್ ಸಾಲದು ಎಂದು ಕೆಲಸವನ್ನೇ ಬಿಡಲೇ? ಇನ್ನೊಂದು ಚಿಕ್ಕ ತೊಂದರೆ: ಆ ಕ್ಲೈಂಟಿಗೆ ನಮ್ಮಪ್ಪನ ವಯಸ್ಸು. ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ.
– ಹೆಸರು ಬೇಡ

ಉತ್ತರ: ಆ ಡ್ರಾಫ್ಟ್ ಕಳಿಸಬೇಡಿ. ಅಳಿಸಲೂ ಬೇಡಿ. ‘ಟು’ ಎಂದಿರುವ ಕಡೆ ಹೆಸರುಗಳನ್ನೆಲ್ಲ ತೆಗೆದು ಹಾಗೇ ಇಟ್ಟುಕೊಳ್ಳಿ. ಪರ್ಮಿಷನ್ ಕೇಳಿದ್ದು ಯಾವತ್ತು, ಸಿಕ್ಕಿದ್ದು ಯಾವತ್ತು ಎಂಬ ತಾರೀಖುಗಳು ಅದರಲ್ಲಿರುತ್ತವೆ, ಬೇಕಾಗುತ್ತವೆ. ತಿಂಗಳಾದ ಮೇಲೆ ಹಳೇ ಜಗಳ ಹೋಗಿ ಹದಿನಾಲ್ಕು ಜನರ ಇನ್‌ಬಾಕ್ಸಿಗೆ ಬಿದ್ದರೆ, ಮರೆತವರಿಗೂ ನೀವೇ ನೆನಪಿಸಿದಂತಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ‘ಎಸ್, ಎಸ್, ಓಕೆ’ ಮೇಲೆ. ನಮ್ಮಜ್ಜಿ ಕತೆ ಹೇಳಲು ಕೂತರೆ ಒಂದು ಷರತ್ತು ಹಾಕುತ್ತಿದ್ದಳು: ‘ಹೂಂ ಅಂತಿರಬೇಕು, ನೀನು ನಿಲ್ಲಿಸಿದರೆ ನಾನೂ ನಿಲ್ಲಿಸ್ತೀನಿ.’ ರಾಕ್ಷಸ ರಾಜಕುಮಾರಿಯನ್ನು ಎತ್ತಿಕೊಂಡು ಹೋದಾಗಲೂ ಹೂಂ, ಗುಹೆಯಲ್ಲಿ ಕೂಡಿಹಾಕಿದಾಗಲೂ ಹೂಂ. ನಾವೇನು ರಾಕ್ಷಸನ ಪಕ್ಷವೇ? ನಿದ್ದೆ ಬಂದಿಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳು ಅಂತ ಅಷ್ಟೇ. ಅದಕ್ಕೆಂದೇ ‘ಹೂಂಗುಟ್ಟು’ ಎಂಬ ಪದ ನಮ್ಮಲ್ಲಿದೆ. ದೊಡ್ಡವರು ಮಾತಾಡುವಾಗ ಹೂಂಗುಟ್ಟದೆ ಕೂತರೆ ‘ಏನು, ಕಲ್ಲಿನ ಹಂಗೆ ಕೂತಿದೀಯಲ್ಲ’ ಎಂದು ಬೈಸಿಕೊಳ್ಳುತ್ತೇವೆ. ನೀವು ಆ ಹೂಂ ಅನ್ನೇ ಕಾಲ್‌ಗೆ ಕೊಂಡೊಯ್ದು ‘ಎಸ್’ ಮಾಡಿದಿರಿ. ನ್ಯೂಜೆರ್ಸಿಯವರ ಕಿವಿಗೆ ಅದು ಇಪ್ಪತ್ತು ನಿಮಿಷದಲ್ಲಿ ಹತ್ತು ಸಲ ರುಜು ಹಾಕಿದಂತೆ ಕೇಳಿಸಿರಬೇಕು.

ಆದ್ದರಿಂದ ಇಂಗ್ಲಿಷ್ ಸಾಲದು ಎಂಬ ಚಿಂತೆ ಬಿಡಿ. ಕಾನ್ವೆಂಟಿನಲ್ಲಿ ಓದಿ ಅರಳು ಹುರಿದಂತೆ ಇಂಗ್ಲಿಷ್ ಮಾತಾಡುವವರೂ ಕಾಲ್‌ಗಳಲ್ಲಿ ಹೀಗೇ ತಲೆಯಾಡಿಸುವುದನ್ನು ನೋಡಿದ್ದೇನೆ.

ಆದರೆ ಕೊನೆಯ ‘ಎಸ್’ ಇದೆಯಲ್ಲ, ಅದನ್ನು ಹೂಂಗುಟ್ಟಿದ ಲೆಕ್ಕಕ್ಕೆ ಹಾಕಲಾರೆ. ಅದು ನೇರ ಪ್ರಶ್ನೆಗೆ ಕೊಟ್ಟ ಉತ್ತರ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಅದು ಅಂಥ ‘ಎಸ್’. ಮದುವೆ ಕಾಗದ ಕೊಡಲು ಮನೆಗೆ ಬಂದವರು ‘ಬರಲೇಬೇಕು’ ಅಂದರೆ ‘ಬರದೇ ಇರ್ತೀವಾ!’ ಅನ್ನುತ್ತೇವೆ. ಬರುವುದಿಲ್ಲ ಎಂದು ನಮಗೂ ಗೊತ್ತು, ಅವರಿಗೂ ಗೊತ್ತು, ಕುಂಕುಮ ಕೊಟ್ಟು ಕಳಿಸುತ್ತೇವೆ. ನಮ್ಮಲ್ಲಿ ‘ನೋಡೋಣ’ ಅಂದರೆ ಮುಕ್ಕಾಲು ಪಾಲು ಇಲ್ಲ ಅಂತಲೇ ಅರ್ಥ, ಅದು ಕೇಳುವವರಿಗೆ ತಿಳಿಯುತ್ತದೆ. ಕ್ಲೈಂಟಿಗೆ ಹೇಗೆ ತಿಳಿಯಬೇಕು? ಅವರು ನಿಮ್ಮ ಮಾತು ನಂಬಿ ತಮ್ಮ ಮೇಲಿನವರಿಗೆ ಶುಕ್ರವಾರ ಎಂದು ಹೇಳಿರುತ್ತಾರೆ.

ಅದೂ ಹೋಗಲಿ. ನನ್ನ ಪ್ರಕಾರ ನಿಮ್ಮ ನಿಜವಾದ ತಪ್ಪು ಆದದ್ದು ಬುಧವಾರ ಸಂಜೆ. ಪರ್ಮಿಷನ್ ಸಿಕ್ಕ ಆ ಗಳಿಗೆಯಲ್ಲೇ ಶುಕ್ರವಾರಕ್ಕೆ ಮುಗಿಯುವುದಿಲ್ಲ ಎಂದು ನಿಮಗೆ ಗೊತ್ತಾಗಿತ್ತು. ಆಗ ಎರಡು ಸಾಲು ಬರೆದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಬೆಳಗಾಗುವುದರೊಳಗೆ ಹೇಗಾದರೂ ಮಾಡಿ ಮುಗಿಸುತ್ತೇನೆ ಎಂದು ರಾತ್ರಿಯೆಲ್ಲ ಕೂತಿರಬೇಕು ನೀವು. ಪತ್ರದಲ್ಲಿ ಬರೆದಿಲ್ಲ, ಆದರೆ ಊಹಿಸಬಲ್ಲೆ. ನಾನೂ ಹಾಗೆ ಕೂತವಳೇ.

ಇನ್ನು ನಿಮ್ಮ ಮ್ಯಾನೇಜರ್. ಅವರು ಮಾಡಿದ್ದು ಸರಿಯಲ್ಲ. ಹೊರಗಿನವರ ಮುಂದೆ ತಂಡದ ಪರವಾಗಿ ‘ತಡವಾಯಿತು, ಸೋಮವಾರ ಕೊಡುತ್ತೇವೆ’ ಎಂದು ತಾವು ಹೊತ್ತುಕೊಂಡು, ಬಯ್ಯುವುದಿದ್ದರೆ ಒಳಗೆ ಕರೆದು ಬಯ್ಯಬೇಕಿತ್ತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಚೇರಿಯಲ್ಲಿ ಟೈಪ್‌ರೈಟರ್. ನಿಮ್ಮ ಮೇಲ್‌ನ ‘ಸಿಸಿ’ ಅಂದರೆ ಮೂಲತಃ ಕಾರ್ಬನ್ ಕಾಪಿ. ಹಾಳೆಗಳ ನಡುವೆ ಕಾರ್ಬನ್ ಇಟ್ಟು ಬೆರಳು ನೋಯುವಂತೆ ಕುಟ್ಟಿದರೂ ನಾಲ್ಕನೇ ಪ್ರತಿ ಓದಲು ಬರುತ್ತಿರಲಿಲ್ಲ. ಹಾಗಾಗಿ ಒಬ್ಬರ ಮಾನ ಕಳೆಯಬೇಕೆಂದರೂ ಮೂರು ಜನರ ಮುಂದೆ ಮಾತ್ರ ಕಳೆಯಲು ಸಾಧ್ಯವಿತ್ತು. ಈಗ ಹದಿನಾಲ್ಕು ಜನರನ್ನು ಸೇರಿಸಲು ಬೆರಳೂ ನೋಯುವುದಿಲ್ಲ.

ಅವರ ಜೊತೆ ಮಾತಾಡಿ. ಎದುರಿಗೇ, ಬಾಗಿಲಿರುವ ಕೋಣೆಯಲ್ಲಿ, ಕನ್ನಡದಲ್ಲೇ. ಚಾಟ್‌ನಲ್ಲಿ ಬೇಡ. ಊಟದ ಹೊತ್ತಿನಲ್ಲಿ ಎಲ್ಲರ ನಡುವೆಯೂ ಬೇಡ. ‘ಸರ್, ನಿಮ್ಮ ಹತ್ತಿರ ಹತ್ತು ನಿಮಿಷ ಮಾತಾಡಬೇಕಿತ್ತು, ಯಾವಾಗ ಬರಲಿ?’ ಎಂದು ಮೊದಲೇ ಕೇಳಿಡಿ. ಕೂತ ಮೇಲೆ ನಿಮ್ಮ ತಪ್ಪಿನಿಂದಲೇ ಶುರು ಮಾಡಿ: ‘ಬುಧವಾರವೇ ನಿಮಗೆ ಹೇಳಬೇಕಿತ್ತು ಸರ್, ಹೇಳಲಿಲ್ಲ, ಅದು ನನ್ನಿಂದ ಆದದ್ದು.’ ಆಮೇಲೆ ತಾರೀಖುಗಳು. ಇಂಥ ದಿನ ಕೇಳಿದೆ, ಇಂಥ ದಿನ ಸಿಕ್ಕಿತು, ಇಷ್ಟೇ. ಕೊನೆಗೆ ‘ಬೇಜವಾಬ್ದಾರಿ ಅನ್ನೋ ಮಾತನ್ನ ಕ್ಲೈಂಟ್ ಮುಂದೆ ಬರೆದದ್ದು ನನಗೆ ತುಂಬ ನೋವಾಯಿತು. ಮುಂದೆ ಏನಾದರೂ ತಪ್ಪಾದರೆ ಮೊದಲು ನನಗೇ ಹೇಳಿ’ ಅನ್ನಿ. ಕಣ್ಣಲ್ಲಿ ನೀರು ಬಂದರೆ ಬರಲಿ, ಒರೆಸಿಕೊಂಡು ವಾಕ್ಯ ಪೂರ್ತಿ ಮಾಡಿ. ಅವರು ‘ಅಯ್ಯೋ, ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಮ್ಮ’ ಎಂದು ತೇಲಿಸಬಹುದು. ನಮ್ಮ ಗಂಡಸರಿಗೆ ಕ್ಷಮೆ ಕೇಳಲು ಇರುವ ಭಾಷೆ ಅದೇ. ಸ್ವೀಕರಿಸಿ ಎದ್ದು ಬನ್ನಿ. ಆದರೆ ಮತ್ತೊಮ್ಮೆ ಅದೇ ರೀತಿ ಮೇಲ್ ಬಂದರೆ ಅದು ಅವರ ಸ್ವಭಾವ ಎಂದು ತಿಳಿದು ತಂಡ ಬದಲಿಸಲು ಕೇಳಿ. ಕೆಲಸಕ್ಕೆ ತೆಗೆದುಕೊಂಡವರು ಎಂಬ ಋಣಕ್ಕೆ ಬಿದ್ದು ಎರಡನೇ ಸಲವೂ ಸಹಿಸಬೇಕಾಗಿಲ್ಲ.

ಕಾಲ್‌ಗಳಲ್ಲಿ ಮಾತು ನಿಲ್ಲಿಸಬೇಡಿ. ಹೂಂಗುಟ್ಟುವ ಜಾಗದಲ್ಲಿ ‘ಐ ಆ್ಯಮ್ ಫಾಲೋಯಿಂಗ್’ ಅನ್ನಿ, ಅದರಲ್ಲಿ ಒಪ್ಪಿಗೆ ಇಲ್ಲ. ಯಾವತ್ತಿಗೆ ಆಗುತ್ತದೆ ಎಂದು ಕೇಳಿದರೆ ‘ಲೆಟ್ ಮಿ ಚೆಕ್, ಐ ವಿಲ್ ಕನ್ಫರ್ಮ್ ಬೈ ಟುಮಾರೋ’ ಎಂದರೆ ಯಾರೂ ಬೇಸರಿಸುವುದಿಲ್ಲ. ಬರೀ ‘ನೋ’ ಅನ್ನಲು ನಾಲಿಗೆ ತಡವರಿಸಿದರೆ ಅದರ ಪಕ್ಕ ಒಂದು ದಿನ ಇಡಿ: ಶುಕ್ರವಾರ ಆಗುವುದಿಲ್ಲ, ಮಂಗಳವಾರ ಆಗುತ್ತದೆ. ಕಾಲ್ ಮುಗಿದ ಅರ್ಧ ಗಂಟೆಯಲ್ಲಿ ನಾಲ್ಕು ಸಾಲಿನ ಮೇಲ್ ಹಾಕಿ, ನನಗೆ ಅರ್ಥವಾದದ್ದು ಇದು, ನಾನು ಮಾಡುವುದು ಇದು, ಅದಕ್ಕೆ ನನಗೆ ಬೇಕಾದದ್ದು ಸರ್ವರ್ ಪರ್ಮಿಷನ್ ಎಂದು. ‘ಕೈಂಡ್ಲಿ ಡು ದ ನೀಡ್‌ಫುಲ್’ ಮಾತ್ರ ಬೇಡ ಮಾರಾಯ್ತಿ! ಏನು ಬೇಕು, ಯಾರಿಂದ ಬೇಕು ಎರಡನ್ನೂ ಹೇಳದ ವಾಕ್ಯ ಅದು.

ಮತ್ತೆ, ಬರೀ ಶುಕ್ರವಾರ ಎಂದು ಬರೆಯಬೇಡಿ. ಅವರ ಶುಕ್ರವಾರ ಸಂಜೆ 5 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ಶನಿವಾರ ಬೆಳಗಿನ ಜಾವ 2.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಅದು 3.30 ಆಗುತ್ತದೆ, ಮಾರ್ಚ್‌ವರೆಗೆ ಹಾಗೇ. ತಾರೀಖನ್ನೂ ಅಂಕಿಯಲ್ಲೇ ಹಾಕಬೇಡಿ: 4/7 ಅಂದರೆ ನಮಗೆ ಜುಲೈ 4, ಅವರಿಗೆ ಏಪ್ರಿಲ್ 7. ತಿಂಗಳ ಹೆಸರು ಬರೆಯಿರಿ, ಯಾರ ಸಮಯ ಎಂದೂ ಬರೆಯಿರಿ.

ಹೆಸರು ಹಿಡಿದು ಕರೆಯುವ ಮಾತಿಗೆ ಬರೋಣ. ಗೀರ್ಟ್ ಹಾಫ್‌ಸ್ಟೆಡ್ ಎಂಬ ಡಚ್ ವಿದ್ವಾಂಸ ಐಬಿಎಂ ನೌಕರರನ್ನು ದೇಶದೇಶಗಳಲ್ಲಿ ಸಮೀಕ್ಷೆ ಮಾಡಿಸಿ 1980ರಲ್ಲಿ ದೊಡ್ಡ ಪುಸ್ತಕ ಬರೆದ. ಮೇಲಿನವರು ಕೆಳಗಿನವರ ನಡುವಿನ ಅಂತರವನ್ನು ಜನ ಎಷ್ಟು ಸಹಜ ಅಂದುಕೊಳ್ಳುತ್ತಾರೆ ಎಂಬುದಕ್ಕೆ ಅವನು ಕೊಟ್ಟ ಅಂಕ ಭಾರತಕ್ಕೆ 77, ಅಮೆರಿಕಕ್ಕೆ 40. ಒಂದೇ ಕಂಪನಿಯವರನ್ನು ಕೇಳಿ ಇಡೀ ದೇಶಕ್ಕೆ ಅಂಕ ಕೊಡುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಆದರೂ ನಿಮ್ಮ ನಾಲಿಗೆ ಏಳದಿರುವುದು ನಿಮ್ಮೊಬ್ಬರ ಸಂಕೋಚ ಅಲ್ಲ ಎಂಬಷ್ಟಕ್ಕೆ ಅದು ಸಾಕು. ಕನ್ನಡದಲ್ಲಿ ಅಪ್ಪನ ವಯಸ್ಸಿನವರಿಗೆ ‘ನೀವು’ ಅನ್ನಬಹುದು, ಹೆಸರಿಗೆ ‘ಅವರೇ’ ಸೇರಿಸಬಹುದು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಅಲ್ಲಿ ಅವರು ಹೆಸರನ್ನೇ ಕೊಟ್ಟಿದ್ದಾರೆ, ಹೆಸರಿನಿಂದಲೇ ಕರೆಯಿರಿ. ‘ಸರ್’ ಸೇರಿಸಿದರೆ ಅವರಿಗೇ ಮುಜುಗರ. ಮೊದಲ ವಾರ ಕಷ್ಟವಾದರೆ ಹೆಸರನ್ನು ಮೇಲ್‌ನಲ್ಲಿ ಬರೆದು ರೂಢಿ ಮಾಡಿಕೊಳ್ಳಿ, ಆಮೇಲೆ ಬಾಯಿಗೂ ಬರುತ್ತದೆ. ಮ್ಯಾನೇಜರ್‌ಗೆ ‘ಸರ್’ ಅನ್ನುವುದನ್ನು ಬೇಕಾದರೆ ಮುಂದುವರಿಸಿ. ನಾನು ನಿವೃತ್ತಳಾಗುವವರೆಗೂ ಅಂದೆ, ಜಗಳ ಆಡುವಾಗಲೂ.