ಬಿಎಸ್ಸಿಯಲ್ಲಿ 51 ಪರ್ಸೆಂಟ್, ಕಣ್ಣು ಪಿಎಚ್‌ಡಿ ಮೇಲೆ

ಇಲ್ಲಿ ಅವಳನ್ನು ಸುಮಾ ಅಂತ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ಫೆಬ್ರುವರಿಯಲ್ಲಿ ನನ್ನ ಹತ್ತಿರ ಸಲಹೆ ಕೇಳಲು ಬಂದಾಗ ಎಂಎಸ್ಸಿ ಕೆಮಿಸ್ಟ್ರಿ ಮೊದಲ ವರ್ಷದಲ್ಲಿದ್ದಳು. ಕೂತ ತಕ್ಷಣ ಕೇಳಿದಳು: "ಬಿಎಸ್ಸಿಯಲ್ಲಿ 51 ಪರ್ಸೆಂಟ್ ಮೇಡಂ. ಪಿಎಚ್‌ಡಿ ಆಸೆ ಬಿಟ್ಟುಬಿಡಲಾ?" ಬರುವಾಗಲೇ ಎರಡು ಉಪಾಯ ಯೋಚಿಸಿಕೊಂಡು ಬಂದಿದ್ದಳು. ಒಂದು, ಬೇರೆ ಕಡೆ ಸೇರಿ ಮತ್ತೆ ಬಿಎಸ್ಸಿ ಮಾಡುವುದು. ಇನ್ನೊಂದು, ದುಡ್ಡು ಕೊಟ್ಟರೆ ಹತ್ತು ದಿನದಲ್ಲಿ ಸಂಶೋಧನಾ ಪೇಪರ್ ಅಚ್ಚು ಹಾಕಿಕೊಡುವವರ ಹತ್ತಿರ ಹೋಗುವುದು.

ಎರಡಕ್ಕೂ ತಕ್ಷಣ ಉತ್ತರ ಕೊಡಲಿಲ್ಲ. ಆರೂ ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ತಗೊಂಡು ಬಾ ಅಂದೆ. ಈ ಮಕ್ಕಳು ಒಟ್ಟು ಪರ್ಸೆಂಟ್ ಮಾತ್ರ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಒಳಗೆ ಏನಿದೆ ಅಂತ ನೋಡಿರುವುದಿಲ್ಲ.

ಮುಂದಿನ ವಾರ ಮೇಜಿನ ಮೇಲೆ ಸಾಲಾಗಿ ಹರಡಿದೆವು. ಪೆನ್ಸಿಲ್ ಅವಳ ಕೈಗೇ ಕೊಟ್ಟೆ. ಮೊದಲ ಸೆಮಿಸ್ಟರ್ ಕೆಮಿಸ್ಟ್ರಿ ಥಿಯರಿ 70ಕ್ಕೆ 29. ಅದರ ಕೆಳಗಿನ ಸಾಲಿನಲ್ಲೇ ಪ್ರಾಕ್ಟಿಕಲ್ 35ಕ್ಕೆ 33. ಆರೂ ಕಾರ್ಡಿನಲ್ಲಿ ಪ್ರಾಕ್ಟಿಕಲ್ ಅಂಕ ಎಲ್ಲೂ ಕೆಳಗಿಳಿದಿಲ್ಲ. ಮೂರನೇ ಸೆಮಿಸ್ಟರ್‌ನಲ್ಲಿ ಫಿಸಿಕಲ್ ಕೆಮಿಸ್ಟ್ರಿ ಫೇಲ್, ಆಮೇಲೆ ಕಟ್ಟಿ ಪಾಸ್. ಐದು, ಆರರಲ್ಲಿ ಥಿಯರಿಯೂ 45ರ ಆಚೆ. "ಇದು ಮೇಲೆ ಹೋಗ್ತಾ ಇದೆ ಅಲ್ವಾ?" ಅಂತ ಅವಳೇ ಹೇಳಿದಳು. ಅಷ್ಟು ಹೊತ್ತು ಬಗ್ಗಿಸಿದ್ದ ತಲೆ ಆಗ ಎತ್ತಿದಳು.

ಕಾರಣ ನಿಧಾನವಾಗಿ ಹೊರಬಂತು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಪಿಯುಸಿಯನ್ನು ನೋಟ್ಸ್ ಉರು ಹೊಡೆದು ದಾಟಿದ್ದಳು. ಡಿಗ್ರಿಯಲ್ಲಿ ಆ ಉಪಾಯ ನಡೆಯಲಿಲ್ಲ. ಎರಡನೇ ವರ್ಷ ತಾಯಿಗೆ ಆಪರೇಶನ್ ಆಗಿ, ಅಡುಗೆ, ಹಸು, ಡೇರಿಗೆ ಹಾಲು, ಎಲ್ಲ ಇವಳ ತಲೆಯ ಮೇಲೆ. ನಾನು ಕೆಮಿಸ್ಟ್ರಿ ಓದಿದವಳಲ್ಲ. ಟೈಟ್ರೇಶನ್ ಅಂದ್ರೆ ಏನು ಹೇಳು ಅಂದೆ. ಗಾಳಿಯಲ್ಲೇ ಬ್ಯುರೆಟ್ ಅನ್ನುವ ಗಾಜಿನ ಕೊಳವೆ ಹಿಡಿದ ಹಾಗೆ ಎರಡು ಬೆರಳು ತಿರುಗಿಸುತ್ತಾ, ತಿಳಿ ಗುಲಾಬಿ ಬಣ್ಣ ಮೂಡಿ ಮಾಯವಾಗದೆ ನಿಲ್ಲುವ ಆ ಒಂದು ಹನಿಯ ಬಗ್ಗೆ ಹೇಳಿದಳು. ಈ ಹುಡುಗಿಯನ್ನು 51 ಅನ್ನುವ ಅಂಕಿ ಅಳೆದಿಲ್ಲ ಅಂತ ನನಗೆ ಆಗಲೇ ಅನ್ನಿಸಿತು.

ದುಡ್ಡಿನ ಪೇಪರ್ ಬೇಡವೇ ಬೇಡ ಅಂದೆ. ಸಂದರ್ಶನದಲ್ಲಿ ಕೂರುವವರಿಗೆ ಅಂಥ ಜರ್ನಲ್ ಯಾವುದು ಅಂತ ಗೊತ್ತಿರುತ್ತದೆ. ಒಮ್ಮೆ ಅಂಟಿದ ಆ ಹೆಸರು ಬಿಡಿಸಿಕೊಳ್ಳುವುದು ಕಷ್ಟ. ಮತ್ತೆ ಬಿಎಸ್ಸಿ ಮಾಡಿದರೆ ಮೂರು ವರ್ಷ ಹೋಗುತ್ತದೆ, ಹಳೇ ಕಾರ್ಡ್ ಹಾಗೇ ಉಳಿಯುತ್ತದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದ ಪ್ರಕಾರ ಎಂಎಸ್ಸಿ ಮಾಡಿದವರಿಗೆ ಪಿಎಚ್‌ಡಿಗೆ ಬೇಕಾದದ್ದು ಎಂಎಸ್ಸಿಯಲ್ಲಿ 55 ಪರ್ಸೆಂಟ್. ಮೀಸಲಾತಿ ಇರುವವರಿಗೆ 5 ಪರ್ಸೆಂಟ್ ರಿಯಾಯಿತಿ. ಐಐಟಿಗಳಲ್ಲಿ ಸಾಮಾನ್ಯವಾಗಿ 60 ಕೇಳುತ್ತಾರೆ. ಕೆಲವು ಕಡೆ ಇನ್ನೂ ಬಿಗಿ, ಹಾಗಾಗಿ ಪ್ರತಿ ಅಧಿಸೂಚನೆ ಓದಲೇಬೇಕು. ಅವಳಿಗೆ ಎಂಎಸ್ಸಿಯಲ್ಲಿ ಇನ್ನೂ ಮೂರು ಸೆಮಿಸ್ಟರ್ ಬಾಕಿ ಇತ್ತು.

ನಾನು ಒತ್ತಿ ಹೇಳಿದ್ದು ಇದು: ಎಲ್ಲಿ ಬಿದ್ದೆಯೋ ಅದೇ ವಿಷಯದಲ್ಲಿ ಎದ್ದು ತೋರಿಸು. ಹೊಸ ಹೊಸ ಕೋರ್ಸಿನ ಸರ್ಟಿಫಿಕೇಟ್ ಗುಡ್ಡೆ ಹಾಕಬೇಡ. ಅವಳು ಐಐಟಿಗಳ ಆನ್‌ಲೈನ್ ಪಾಠಗಳಿರುವ ಎನ್‌ಪಿಟೆಲ್‌ನಲ್ಲಿ 12 ವಾರದ ಫಿಸಿಕಲ್ ಕೆಮಿಸ್ಟ್ರಿ ಕೋರ್ಸ್ ತಗೊಂಡಳು. ಪಾಠ ಉಚಿತ, ಪರೀಕ್ಷೆಗೆ 1000 ರೂಪಾಯಿ. ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ ಆದ್ದರಿಂದ ಆ ಅಂಕಕ್ಕೆ ಬೆಲೆ ಇದೆ. ಪ್ರತಿ ಪಾಠದ ಸಾರವನ್ನು ಮೊದಲು ಕನ್ನಡದಲ್ಲಿ ಬರೆದುಕೋ, ಆಮೇಲೆ ಇಂಗ್ಲಿಷಿನಲ್ಲಿ ಬರೆ ಅಂದೆ. ಎಂಟ್ರೋಪಿ ಕೊನೆಗೂ ಅರ್ಥವಾಗಿದ್ದು ಹಾಗೆ ಅಂತ ಆಮೇಲೆ ಹೇಳಿದಳು.

ಬೇಸಿಗೆ ರಜೆಯಲ್ಲಿ ತನ್ನ ವಿಭಾಗದ ಮೇಷ್ಟ್ರ ಲ್ಯಾಬಿನಲ್ಲೇ ಕೆಲಸ ಕೇಳಿಕೊಂಡಳು. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕುವ ಸಮಯ ಆಗಲೇ ಮುಗಿದಿತ್ತು. ಪರವಾಗಿಲ್ಲ. ಎರಡು ತಿಂಗಳು ಅವಳ ಕೈಕೆಲಸ ಕಣ್ಣಾರೆ ನೋಡಿದವರು ಬರೆಯುವ ಶಿಫಾರಸು ಪತ್ರ, "ಶ್ರಮಜೀವಿ, ಸುಶೀಲೆ" ಅನ್ನುವ ಸಿದ್ಧ ಪತ್ರಕ್ಕಿಂತ ಎಷ್ಟೋ ಮೇಲು.

ಪಿಎಚ್‌ಡಿ ಅರ್ಜಿ ಜೊತೆ ಕೊಡುವ ಬರಹ ತೋರಿಸಿದಾಗ ನನಗೆ ಸಂಕಟವಾಯಿತು. ಒಂದೂವರೆ ಪುಟ ಬರೀ ಕ್ಷಮೆ, ಬರೀ ಬಡತನ, ಕೊನೆಗೆ "ದಯವಿಟ್ಟು ಅವಕಾಶ ಕೊಡಿ". ಒಟ್ಟಿಗೆ ಕೂತು ಅದನ್ನು ಮೂರು ವಾಕ್ಯಕ್ಕೆ ಇಳಿಸಿದೆವು. "ಕನ್ನಡ ಮಾಧ್ಯಮದಿಂದ ಬಂದೆ, ಬಿಎಸ್ಸಿ ಎರಡನೇ ವರ್ಷ ತಾಯಿಯ ಆರೈಕೆ ನನ್ನ ಮೇಲಿತ್ತು. ಆಗ ಫಿಸಿಕಲ್ ಕೆಮಿಸ್ಟ್ರಿಯಲ್ಲಿ ಫೇಲ್ ಆದೆ. ಅದೇ ವಿಷಯದಲ್ಲಿ ಈಗ ಎಂಎಸ್ಸಿಯಲ್ಲಿ 71, ಎನ್‌ಪಿಟೆಲ್‌ನಲ್ಲಿ 78 ಬಂದಿದೆ." ಉಳಿದ ಜಾಗವೆಲ್ಲ ಲ್ಯಾಬಿನಲ್ಲಿ ಮಾಡಿದ ಕೆಲಸಕ್ಕೆ.

ಎಂಎಸ್ಸಿ 66ಕ್ಕೆ ಮುಗಿಯಿತು. ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಅರ್ಹತೆ ಬಂತು, ಸ್ಕೋರ್ ಕಡಿಮೆ. ಮೊದಲ ಸಂದರ್ಶನದಲ್ಲಿ ಮೂರನೇ ಸೆಮಿಸ್ಟರ್ ಬಗ್ಗೆ ಕೇಳಿದಾಗ ಗಂಟಲು ಕಟ್ಟಿತಂತೆ. ಸೀಟು ಸಿಗಲಿಲ್ಲ, ಎರಡು ವಾರ ಫೋನ್ ಎತ್ತಲಿಲ್ಲ. ಆ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳುವ ಅಭ್ಯಾಸವನ್ನು ನಾನೇ ಮಾಡಿಸಬೇಕಿತ್ತು. ಬರವಣಿಗೆಯಲ್ಲಿ ಸರಿಹೋದದ್ದು ಬಾಯಲ್ಲೂ ಸರಿಹೋಗಿದೆ ಅಂತ ಅಂದುಕೊಂಡುಬಿಟ್ಟಿದ್ದೆ. ಆಮೇಲೆ ನಾಲ್ಕು ಸಲ ಮಾಡಿಸಿದೆ.

ಮುಂದಿನ ವರ್ಷ ವಿಜ್ಞಾನ ವಿಷಯಗಳಿಗೆ ನಡೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅನ್ನುವ ವರ್ಗದಲ್ಲಿ ಪಾಸಾದಳು. 2024ರಿಂದ ಬಂದ ವರ್ಗ ಇದು. ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30 ಪರ್ಸೆಂಟ್ ತೂಕ. ಸಂದರ್ಶನದಲ್ಲಿ ಮತ್ತೆ ಮೂರನೇ ಸೆಮಿಸ್ಟರ್‌ನ ಅದೇ ಪ್ರಶ್ನೆ ಬಂತು. "ಚಾಕ್ ಕೊಡಿ ಸರ್, ಆವತ್ತು ಬರದೇ ಇದ್ದದ್ದನ್ನು ಈಗ ಬಿಡಿಸ್ತೀನಿ" ಅಂದಳಂತೆ. ಬಿಡಿಸಿದಳು.

ಈಗ ಪಿಎಚ್‌ಡಿ ಮೊದಲ ವರ್ಷ. ಈ ವರ್ಗದಲ್ಲಿ ಫೆಲೋಶಿಪ್ ಇಲ್ಲ, ಕೈ ಬಿಗಿಯಾಗಿದೆ. ತಿಂಗಳಿಗೆ 37,000 ರೂಪಾಯಿಯ ಜೆಆರ್‌ಎಫ್ ಅನ್ನುವ ಫೆಲೋಶಿಪ್‌ಗಾಗಿ ಡಿಸೆಂಬರ್ ನೆಟ್ ಮತ್ತೆ ಬರೆಯುತ್ತಿದ್ದಾಳೆ. ಹೋದ ಭಾನುವಾರ ಫೋನ್ ಮಾಡಿದಾಗ ಲ್ಯಾಬಿನಲ್ಲೇ ಇದ್ದಳು.